ಓಣಿಯನ್ನು ಕೇಳಿ ಹೇಳುತ್ತೇವೆ

ಆಕೆ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರನೆಯ ದಿನ. ನಾನಿರುವ ಬಡಾವಣೆಯಿಂದ ಆ ಓಣಿಗೆ ನಡೆದರೆ ಅರ್ಧ ಗಂಟೆಯ ದಾರಿ. ನನ್ನ ಫೋನ್ ನಂಬರು ಅಲ್ಲಿನ ಹತ್ತು ಮನೆಗಳಲ್ಲಾದರೂ ಇದೆ. ಓಣಿಯ ಮಕ್ಕಳಲ್ಲಿ ಹಲವರು ನನ್ನ ಶಾಲೆಯಲ್ಲೇ ಓದುತ್ತಾರೆ. ಆದರೂ ಯಾರೂ ಹೇಳಲಿಲ್ಲ. ಹಾಲು-ತುಪ್ಪದ ದಿನ ಬೆಳಿಗ್ಗೆ ಓಣಿಯ ಹಿಟ್ಟಿನ ಗಿರಣಿಯವರು ಫೋನ್ ಮಾಡಿ, "ಕಾಜದಮ್ಮ ಹೋಗಿಬಿಟ್ಲರಿ ಮಾಸ್ತರ. ನಿಮಗ ಯಾರೂ ಹೇಳಿಲ್ಲೇನು?" ಎಂದರು. ಇಲ್ಲ ಎಂದೆ. ಯಾಕೆ ಹೇಳಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಕೆ ಬದುಕಿದ್ದಾಗ ಕೇಳದೆ ಒಂದು ಕೆಲಸ ಮಾಡಿದ್ದೇನೆ. ಈಗ ಕೇಳದೆ ಹೆಸರನ್ನೂ ಬರೆಯುವ ಧೈರ್ಯ ನನಗಿಲ್ಲ. ಓಣಿಯಲ್ಲಿಯೂ ಆಕೆಯನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಪ್ಯಾಂಟಿನಲ್ಲಿ ಗುಂಡಿ ತೂರುವ ಕಣ್ಣಿಗೆ ಕಾಜ ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆ ಆ ಕಣ್ಣುಗಳ ಅಂಚನ್ನೇ ಹೊಲಿದಳು. ಹೀಗಾಗಿ ಎಲ್ಲರಿಗೂ ಕಾಜದಮ್ಮ. ನಾನು ಅಕ್ಕ ಎನ್ನುತ್ತಿದ್ದೆ.

ಗಡಿಯಲ್ಲಿ ತೆಲುಗು ಸೀಮೆಗೆ ಸೇರಿದ ರಾಯದುರ್ಗದ ಕೋಟೆ ಗುಡ್ಡದ ಬುಡದಲ್ಲಿ ಆ ಓಣಿ ಇದೆ. ನಮ್ಮಪ್ಪ ಅಲ್ಲಿ ದರ್ಜಿ. ಒಂದು ಉದ್ದನೆಯ ಜಾಗ ಕೊಂಡು, ಮೇಲೆ ಬಂಡೆ ಹಾಸಿ ಸಾಲಾಗಿ ಐದು ಕೋಣೆ ಕಟ್ಟಿಸಿದ್ದ. ಒಂದರಲ್ಲಿ ನಾವಿದ್ದೆವು, ನಾಲ್ಕರಲ್ಲಿ ಬಾಡಿಗೆಯವರು. ನಾನು ಹೈಸ್ಕೂಲಿನಲ್ಲಿದ್ದಾಗ ಆಕೆ ಗಂಡನೊಂದಿಗೆ ಒಂದು ಟ್ರಂಕು, ಒಂದು ಹೊಲಿಗೆ ಮಷೀನು ಇಳಿಸಿಕೊಂಡು ಬಂದಳು. ಮಡಕಶಿರಾ ಕಡೆಯವರು, ಹೇಮಾವತಿಗೆ ಹತ್ತಿರದ ಹಳ್ಳಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ವರ್ಷವಿಡೀ ಕೆಲಸ ಎಂದು ಯಾರೋ ಹೇಳಿದ್ದರಂತೆ. ಆರೇಳು ವರ್ಷದಲ್ಲಿ ಗಂಡ ಕಾಮಾಲೆಯಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ಊರಿಂದ ತಮ್ಮ ಬಂದು ಕರೆದ. ಆಕೆ ಹೋಗಲಿಲ್ಲ. ಯಾಕೆ ತಾಯಿ ಎಂದು ನಮ್ಮಪ್ಪ ಕೇಳಿದ್ದಕ್ಕೆ ಆಕೆ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ.

"ಅಲ್ಲಿ ನಾನು ಒಬ್ಬನಿಗೆ ಅಕ್ಕ, ಒಬ್ಬಳಿಗೆ ನಾದಿನಿ ಯಜಮಾನ್ರೇ. ಇಲ್ಲಾದ್ರೆ ಕಾಜದೋಳು. ಇಲ್ಲೇ ಇರ್ತೀನಿ ಬಿಡಿ."

ಆಕೆಯ ಮಾತು ಕೊನೆಯವರೆಗೂ ನಮ್ಮ ಕಡೆಯದಾಗಲಿಲ್ಲ. ನಾವು ಹೋಗ್ತೈತಿ ಎಂದರೆ ಆಕೆ ಹೋಯ್ತದೆ ಎನ್ನುತ್ತಿದ್ದಳು. ನಾವು ಕುಂದರ್ರಿ ಎಂದರೆ ಆಕೆಯದು ಕುಂತ್ಕಳಿ. ಓಣಿಯ ಮಕ್ಕಳು ಅಣಕಿಸಿದರೆ ಅವರೆದುರಿಗೇ ಇನ್ನೂ ನಾಲ್ಕು ಸಲ ಹೇಳಿ ತೋರಿಸುತ್ತಿದ್ದಳು. ಬೆರಳ ತುದಿಗಳು ಜೀನ್ಸಿನ ಬಣ್ಣ ಹತ್ತಿ ಯಾವಾಗಲೂ ನೀಲಿ. ಸೀರೆಯ ಮೇಲೆ, ತಲೆಗೂದಲಿನಲ್ಲಿ ದಾರದ ತುಣುಕುಗಳು. ಸಿಟ್ಟು ಬಂದರೆ ಒಂದು ದಾರವನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದಳು. ದಾರ ಬಾಯಲ್ಲಿರುವಷ್ಟು ಹೊತ್ತು ಮಾತಿಲ್ಲ. ಆಗ ಎದುರಿಗಿದ್ದವರೇ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದರು.

ಸಾಧು ಸ್ವಭಾವದ ಹೆಂಗಸು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಡ್ಡಾದಿಡ್ಡಿ ಹೊಲಿದದ್ದನ್ನು ಹೊಲಿದವರ ಕಣ್ಣೆದುರೇ ಬಿಚ್ಚಿ ಕೈಗೆ ಕೊಡುತ್ತಿದ್ದಳು. ಹಿಟ್ಟಿನ ಧೂಳು ಬಂದು ಬಟ್ಟೆಯ ಮೇಲೆ ಕೂರುತ್ತದೆ ಎಂದು ಗಿರಣಿಯವರ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದಳು. ಕೊನೆಗೆ ಅವರು ಗಿರಣಿಯ ಕಿಟಕಿಗೆ ಗೋಣಿ ಕಟ್ಟಿದ ದಿನ, ಏನೂ ಆಗಿಲ್ಲವೆಂಬಂತೆ ರಾಗಿ ಬೀಸಿಸಲು ಹೋದಳು. ಓಣಿಯ ನಲ್ಲಿಯ ಸಾಲಿನಲ್ಲಿ ತನ್ನ ಕೊಡವನ್ನು ಯಾವಾಗಲೂ ಕೊನೆಗೆ ಇಡುತ್ತಿದ್ದಳು. ಅದನ್ನು ನಾನು ಒಳ್ಳೆಯತನ ಎಂದುಕೊಂಡಿದ್ದೆ. ಒಮ್ಮೆ ಕೇಳಿದಾಗ, ಕೊನೆಯಲ್ಲಿ ನಿಂತವಳಿಗೆ ಇಡೀ ಸಾಲು ಕಾಣುತ್ತದೆ, ಮುಂದೆ ನಿಂತವಳಿಗೆ ನಲ್ಲಿಯೊಂದೇ ಕಾಣುತ್ತದೆ ಎಂದಳು.

ಆ ಓಣಿಯಲ್ಲಿ ಕೆಲಸ ನಡೆಯುವ ರೀತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕತ್ತರಿಸಿದ ಬಟ್ಟೆಯ ಬಂಡಲುಗಳನ್ನು ವ್ಯಾಪಾರಿಯ ಕಡೆಯವರು ಓಣಿಯ ಬಾಯಿಯಲ್ಲಿ ಇಳಿಸಿ ಹೋಗುತ್ತಾರೆ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಜಿಪ್ಪು, ಮುಂದಿನದರಲ್ಲಿ ಎರಡು ಕಾಲು ಸೇರಿಸುವುದು, ಅದರಾಚೆ ಸೊಂಟದ ಪಟ್ಟಿ, ಆಮೇಲೆ ಕೆಳಗಿನ ಮಡಿಕೆ, ಆಮೇಲೆ ಕಾಜ, ಕೊನೆಗೆ ದಾರ ಕತ್ತರಿಸುವುದು. ಒಂದು ಪ್ಯಾಂಟು ಏಳು ಮನೆ ಸುತ್ತಿ ಪ್ಯಾಂಟಾಗುತ್ತದೆ. ಯಾರಿಗೂ ಪೂರ್ತಿ ಪ್ಯಾಂಟು ಹೊಲಿಯುವಷ್ಟು ಮಷೀನುಗಳಿಲ್ಲ. ಎಲ್ಲರಿಗೂ ಪಕ್ಕದ ಮನೆ ಬೇಕು.

ಊರಿನ ದೊಡ್ಡ ರಸ್ತೆ ಅಗಲವಾದ ಮೇಲೆ ಓಣಿಯ ಬಾಯಿ ನೇರವಾಗಿ ಅದಕ್ಕೆ ತೆರೆದುಕೊಂಡಿತು. ಆವರೆಗೆ ಯಾರೂ ತಿರುಗಿ ನೋಡದಿದ್ದ ಜಾಗಕ್ಕೆ ಹೊರ ಊರಿನ ಕೊಳ್ಳುವವರು ಬರತೊಡಗಿದರು. ಅವರನ್ನು ಊರಲ್ಲಿ ಪಾರ್ಟಿ ಎನ್ನುತ್ತಾರೆ. ಪಾರ್ಟಿ ಕಾರಿನಲ್ಲಿ ಕೂತಿರುತ್ತದೆ, ಬ್ರೋಕರ್ ಇಳಿದು ಬಂದು ಮಾತಾಡುತ್ತಾನೆ. ಮೊದಲು ಹೋದದ್ದು ಜಿಪ್ಪು ಹಾಕುವವರ ಬಾಡಿಗೆ ಮನೆ. ಅದರ ಮಾಲೀಕರು ಅನಂತಪುರದಲ್ಲಿದ್ದರು, ಅಲ್ಲಿಂದಲೇ ಮಾರಿದರು. ಗಂಡ, ಹೆಂಡತಿ, ಎರಡು ಮಕ್ಕಳು ರೈಲ್ವೆ ಹಳಿಯಾಚೆಯ ಬಡಾವಣೆಗೆ ಹೋದರು. ಹೆಂಡತಿ ಕೆಲವು ತಿಂಗಳು ಬಂಡಲುಗಳನ್ನು ಷೇರ್ ಆಟೋದಲ್ಲಿ ಹಾಕಿಕೊಂಡು ಓಡಾಡಿದಳು. ಆಟೋ ಬರುವುದು ತಡವಾದರೆ ಇಲ್ಲಿ ಆರು ಮನೆಯ ಕೈ ನಿಲ್ಲುತ್ತಿತ್ತು. ವ್ಯಾಪಾರಿ ಬೈದ. ಕೊನೆಗೆ ಅವರು ಆ ಕೆಲಸವನ್ನೇ ಬಿಟ್ಟು ಬಳ್ಳಾರಿಯ ಕಡೆ ಹೋದರು. ಓಣಿಯಲ್ಲಿ ಜಿಪ್ಪಿಲ್ಲದ ಪ್ಯಾಂಟುಗಳ ರಾಶಿ ಬೆಳೆಯಿತು.

ಅಕ್ಕ ಆ ರಾಶಿಯ ಪಕ್ಕದಲ್ಲಿ ಕೂತು ನನಗೆ ಹೇಳಿದ್ದು ಇಷ್ಟು. "ಮನೆ ಹೋದ್ರೆ ಗೋಡೆ ಹೋಯ್ತದೆ ಅನ್ಕಂಡಿದ್ದೆ ಮೇಷ್ಟ್ರೇ. ಕೈಯೇ ಹೋಯ್ತಲ್ಲ."

ಅದಾದ ಮೇಲಿನ ಭಾನುವಾರ ಮಧ್ಯಾಹ್ನ, ಮಷೀನುಗಳು ನಿಂತ ಹೊತ್ತಿನಲ್ಲಿ, ಆಕೆ ಎಲ್ಲರನ್ನೂ ಗಿರಣಿಯ ಮುಂದಿನ ಕಲ್ಲುಕಟ್ಟೆಗೆ ಕರೆದಳು. ಬಾಡಿಗೆಯವರು ಬಂದರು, ಅಲ್ಲೇ ಇದ್ದ ಮನೆಯೊಡೆಯರೂ ಬಂದರು. ಆಕೆ ಭಾಷಣವನ್ನೇನೂ ಮಾಡಲಿಲ್ಲ. ಬ್ರೋಕರ್ ಯಾರ ಮನೆಗೆ ಬಂದರೂ ಆಗುತ್ತದೆ ಎನ್ನಬೇಡಿ, ಆಗುವುದಿಲ್ಲ ಎಂದೂ ಹೇಳಬೇಡಿ, ಓಣಿಯನ್ನು ಕೇಳಿ ಹೇಳುತ್ತೇವೆ ಎನ್ನಿ ಎಂದಳು. ಒಬ್ಬೊಬ್ಬರೇ ಮಾತಾಡಿದರೆ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳುತ್ತಾನೆ, ಎಲ್ಲರೂ ಒಂದೇ ಕಡೆ ಕೂತರೆ ಅವನಿಗೆ ಒಂದೇ ಸುಳ್ಳು ಹೇಳಬೇಕಾಗುತ್ತದೆ, ಅದನ್ನು ನಾವು ಹಿಡಿಯಬಹುದು ಎಂದಳು. ಜನ ನಕ್ಕರು. ಆದರೆ ಹಾಗೆಯೇ ಮಾಡಿದರು. ಬ್ರೋಕರ್ ಮೂರು ಮನೆ ತಿರುಗಿ ಮೂರು ಕಡೆಯೂ ಅದೇ ಉತ್ತರ ಕೇಳಿ, ಓಣಿ ಅಂದರೆ ಯಾರು, ಎಲ್ಲಿರುತ್ತಾರೆ ಎಂದು ವಿಚಾರಿಸಿದನಂತೆ.

ಅಷ್ಟಕ್ಕೆ ಆಕೆ ಬಿಡಲಿಲ್ಲ. ನಾಲ್ಕಾರು ಭಾನುವಾರ ಕೂತು ಒಂದು ಕರಾರು ಮಾಡಿಸಿದಳು. ಮನೆಯೊಡೆಯರು ಮಾರುವುದಾದರೆ ಮೊದಲು ಓಣಿಯವರನ್ನು ಕೇಳಬೇಕು. ಹಳೆಯ ಬಾಡಿಗೆದಾರರನ್ನು ಏಕಾಏಕಿ ಬಿಡಿಸಬಾರದು. ಬಾಡಿಗೆ ಏರಿಸುವುದಿದ್ದರೆ ಎಲ್ಲರೂ ಕೂತು ಏರಿಸಬೇಕು. ಮಾಳಿಗೆಯ ಬಂಡೆ ಸೋರಿದರೆ, ಸುಣ್ಣ ಬಳಿಯಬೇಕಾದರೆ ಬಾಡಿಗೆಯವರೇ ಮಾಡಿಕೊಳ್ಳಬೇಕು. ಯಾರಿಗಾದರೂ ಮನೆ ತಪ್ಪಿದರೆ ಉಳಿದ ಮನೆಗಳಲ್ಲಿ ಜಾಗ ಮಾಡಿಕೊಡಬೇಕು. ಬಾಡಿಗೆ ಏರಿಸಲೇಬಾರದು ಎಂದು ಹಟ ಹಿಡಿದ ಬಾಡಿಗೆಯವರನ್ನೂ ಆಕೆ ಬೈದಳು. ಅವರಿಗೂ ಸಂಸಾರವಿದೆ, ಅವರ ಹೊಟ್ಟೆಯ ಮೇಲೆ ಕೂತು ನಮ್ಮ ಮನೆ ಉಳಿಸಿಕೊಳ್ಳಲು ಆಗುವುದಿಲ್ಲ ಎಂದಳು.

ಆ ಕಾಗದವನ್ನು ಬರೆದವನು ನಾನು. ಆ ಹೊತ್ತಿಗೆ ಅಪ್ಪ ತೀರಿಹೋಗಿದ್ದ. ನಾನು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿ, ಊರ ಹೊರಗಿನ ಬಡಾವಣೆಗೆ ಮನೆ ಬದಲಿಸಿದ್ದೆ. ಐದೂ ಕೋಣೆ ಬಾಡಿಗೆಗೆ ಇದ್ದವು. ನನ್ನ ಅಕ್ಷರ ಚೆನ್ನಾಗಿದೆ ಎಂದು ಆಕೆಯೇ ಕರೆಸಿದಳು. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ತೆಲುಗು. ಬರೆಯುತ್ತಿರುವಾಗ ಯಾರೋ, ಇದನ್ನು ನೇಮಕಲ್ಲಿಗೆ ಒಯ್ದು ಆಂಜನೇಯನ ಮುಂದೆ ಇಟ್ಟು ಪ್ರಮಾಣ ಮಾಡೋಣ, ಆಗ ಯಾರೂ ಮುರಿಯುವುದಿಲ್ಲ ಎಂದರು. ಎಲ್ಲರಿಗೂ ಅದು ಸರಿ ಎನ್ನಿಸಿತು. ಆಕೆ ಮಾತ್ರ ಒಪ್ಪಲಿಲ್ಲ.

"ದೇವ್ರ ಮೇಲೆ ಹಾಕ್ಬೇಡಿ. ಮುರಿದೋರು ತಪ್ಪುಕಾಣಿಕೆ ಕಟ್ಟಿ ಬಂದ್ಬಿಡ್ತಾರೆ. ಒಬ್ರ ಮುಖ ಒಬ್ರು ನೋಡ್ಕಂಡು ಸೈನ್ ಹಾಕಿ."

ನನಗೆ ಪರಿಚಯದ ಒಬ್ಬ ವಕೀಲರು ಆ ಕಾಗದ ನೋಡಿ, ಕೋರ್ಟಿನಲ್ಲಿ ಇದು ಹೆಚ್ಚು ನಿಲ್ಲುವುದಿಲ್ಲ ಎಂದಿದ್ದರು. ಅದನ್ನು ಆಕೆಗೆ ಹೇಳಿದೆ. ಕೋರ್ಟಿಗಲ್ಲ, ಇದು ನಮ್ಮ ನಾಚಿಕೆಗೆ ಎಂದಳು. ಊರಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದ ಆಕೆ ನಾಲಿಗೆಯ ತುದಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು. ಆಕೆಯ ಸಹಿಯ ಕೆಳಗೆ ನನ್ನದಿದೆ. ಅದರ ಕೆಳಗೆ ಗಿರಣಿಯವರದು.

ಪಾರ್ಟಿಗೆ ಬೇಕಾಗಿದ್ದದ್ದು ಓಣಿಯ ಒಂದು ಇಡೀ ಮಗ್ಗುಲು. ಅಲ್ಲಿ ದೊಡ್ಡ ಕಾಂಪ್ಲೆಕ್ಸ್ ಕಟ್ಟುವ ಯೋಚನೆ. ತಡೆದು ನಿಲ್ಲಿಸಿರುವುದು ಈ ಹೆಂಗಸೇ ಎಂದು ತಿಳಿದ ಮೇಲೆ ಬ್ರೋಕರ್ ಒಂದು ಭಾನುವಾರ ನೇರವಾಗಿ ಕಟ್ಟೆಗೇ ಬಂದ. ನಾನೂ ಇದ್ದೆ. ಅವನು ಎಲ್ಲರೆದುರು ಆಕೆಯನ್ನು ತೆಲುಗಿನಲ್ಲಿ ಮೆಲ್ಲಗೆ ಕೇಳಿದ. "ನೀದಿ ಈ ಊರು ಕಾದು ಕದಮ್ಮಾ. ನೀಕೆಂದುಕು ಇದಂತಾ?" ಈ ಊರೇ ನಿನ್ನದಲ್ಲವಲ್ಲ, ನಿನಗ್ಯಾಕೆ ಇದೆಲ್ಲ ಎಂದು. ಜನ ಆಕೆಯ ಕಡೆ ನೋಡಿದರು. ಮೂವತ್ತು ವರ್ಷದ ಮೇಲೆಯೂ ಆಕೆಯ ಮಾತು ಕೇಳಿದರೆ ಬೇರೆ ಕಡೆಯವಳು ಎಂದು ಗೊತ್ತಾಗುತ್ತಿತ್ತು. ಬಾಡಿಗೆಯವಳು ಬೇರೆ. ಆಕೆ ಕೈಯಲ್ಲಿದ್ದ ಕತ್ತರಿಯನ್ನು ಪಕ್ಕಕ್ಕಿಟ್ಟಳು.

"ಹೌದಪ್ಪ, ನಂದಲ್ಲ. ನಂದಾಗಿದ್ರೆ ಇಷ್ಟೊತ್ತಿಗೆ ನಾನೂ ಮಾರ್ತಿದ್ನೋ ಏನೋ. ನಂದಲ್ದೆ ಇರೋದಕ್ಕೇ ಕಾಯ್ತಾ ಕುಂತಿದೀನಿ."

ಅವನು ನಮಸ್ಕಾರ ಮಾಡಿ ಹೋದ. ಆಮೇಲೆ ಅವನು ಬಂದದ್ದು ನನ್ನ ಬಡಾವಣೆಗೆ.

ನಾನು ಯಾಕೆ ಮಾರಿದೆ ಎಂದು ಬರೆಯಲು ಹಲವು ಸಲ ಕೂತು ಎದ್ದಿದ್ದೇನೆ. ಬಳ್ಳಾರಿಯಲ್ಲಿದ್ದ ತಂಗಿ ಪಾಲು ಕೇಳಿದಳು ಎಂದು ಊರಿಗೆಲ್ಲ ಹೇಳಿದ್ದೆ. ಕೇಳಿದ್ದು ನಿಜ. ಆದರೆ ಅವಸರವಿಲ್ಲ ಅಣ್ಣ, ನಿನ್ನ ಅನುಕೂಲ ನೋಡು ಎಂದೂ ಅವಳೇ ಹೇಳಿದ್ದಳು. ಹೊಸ ಮನೆಯ ಮೇಲಂತಸ್ತು ಅರ್ಧಕ್ಕೆ ನಿಂತಿತ್ತು. ಅದು ನಿಂತೇ ಇದ್ದರೂ ನಾವೇನೂ ಬಯಲಲ್ಲಿ ಮಲಗುತ್ತಿರಲಿಲ್ಲ. ಬ್ರೋಕರ್ ನನ್ನನ್ನು ಹೆದರಿಸಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಸಂಜೆ ಹೊತ್ತು ಬಂದು ಕೂತು, ಟೀ ಕುಡಿದು, ನೀವು ಓದಿದವರು ಸಾರ್, ಆ ಓಣಿಯ ಜನರಂತಲ್ಲ, ನಿಮಗೆ ಮುಂದಿನದು ಕಾಣುತ್ತದೆ ಎನ್ನುತ್ತಿದ್ದ. ಆ ಮಾತು ನನಗೆ ಹಿತವಾಗುತ್ತಿತ್ತು. ಅದೇ ಓಣಿಯಲ್ಲಿ ಹುಟ್ಟಿದವನು, ಆ ಜನರಂತಲ್ಲ ಎಂದು ಕೇಳಿಸಿಕೊಳ್ಳಲು ಸಂಜೆಯಾಗುವುದನ್ನೇ ಕಾಯುತ್ತಿದ್ದೆ.

ಸುದ್ದಿ ಅಕ್ಕನ ಕಿವಿಗೆ ಬಿತ್ತು. ಆಕೆ ಶಾಲೆಗೆ ಬಂದಳು. ಮಾರುತ್ತೀರಾ ಎಂದು ಕೇಳಲಿಲ್ಲ. ಬೆಳಿಗ್ಗೆ ಬಿಡುವಿದ್ದರೆ ಓಣಿಗೆ ಬನ್ನಿ, ಒಂದು ಕೆಲಸವಿದೆ ಎಂದಳು. ಹೋದೆ. ಆಕೆ ಜೇಬಿಲ್ಲದ, ಜಿಪ್ಪಿಲ್ಲದ, ಕಾಲು ಸೇರಿರದ ಬಟ್ಟೆಯ ತುಂಡುಗಳನ್ನು ನನ್ನ ಕೈಗೆ ಕೊಟ್ಟು, ಇದನ್ನು ಹೊಲಿಸಿಕೊಂಡು ಬನ್ನಿ ಎಂದಳು. ನಾನು ಜೇಬಿನ ಮನೆಗೆ ಹೋದೆ. ಅವರು ಹೊಲಿದು ಪಕ್ಕದ ಮನೆ ತೋರಿಸಿದರು. ಆ ಮನೆಯಲ್ಲಿ ಈಗ ಇನ್ನೊಬ್ಬಳು ಜಿಪ್ಪು ಹಾಕುವುದನ್ನು ಕಲಿತಿದ್ದಳು. ಒಬ್ಬರು ಬೆಲ್ಲದ ಟೀ ಕೊಟ್ಟರು. ಇನ್ನೊಬ್ಬರು ಮಗಳ ಗಣಿತದ ನೋಟ್ಸು ತೋರಿಸಿದರು. ಒಂದು ಮನೆಯಲ್ಲಿ ನಮ್ಮಪ್ಪ ಹೊಲಿದುಕೊಟ್ಟ ಮದುವೆ ಅಂಗಿಯ ಮಾತು ಬಂತು. ಬಾಗಿಲಿಂದ ಬಾಗಿಲಿಗೆ ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಕೊನೆಗೆ ಅಕ್ಕ ಕಾಜ ಹೊಲಿದು, ದಾರದ ತುದಿಗಳನ್ನು ಕತ್ತರಿಸಿ, ಕೊಡವಿ, ಮಡಚಿ ನನ್ನ ಕೈಗಿಟ್ಟಳು. ಪ್ಯಾಂಟು ಬಿಸಿಯಾಗಿತ್ತು. ಅಷ್ಟು ಕೈಗಳು ಮುಟ್ಟಿದ ಬಿಸಿ ಎಂದು ನನಗೆ ಅನ್ನಿಸಿತು. ಬಿಸಿಲಿಗೂ ಇರಬಹುದು.

ಆ ದಿನ ಮಾರುವುದಿಲ್ಲ ಎಂದು ನಿರ್ಧಾರ ಮಾಡಿಯೇ ಮನೆಗೆ ಬಂದೆ. ಇದನ್ನು ಯಾರೂ ನಂಬದಿದ್ದರೂ ನಿಜ. ಒಂದು ತಿಂಗಳು ಕಳೆಯುವುದರೊಳಗೆ ಸಹಿ ಹಾಕಿದೆ. ಮನಸ್ಸು ತಿರುಗಿದ ಗಳಿಗೆಯನ್ನು ಆಮೇಲೆ ಎಷ್ಟೋ ಸಲ ಹುಡುಕಿದ್ದೇನೆ. ಅಂಥ ಗಳಿಗೆಯೇ ಇರಲಿಲ್ಲವೇನೋ. ನಿರ್ಧಾರ ದಿನಕ್ಕಿಷ್ಟು ತೆಳುವಾಗುತ್ತಾ ಹೋಗಿ, ಒಂದು ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ನಾನು ಕೂತಿದ್ದೆ.

ಅದೇ ಮಧ್ಯಾಹ್ನ ಓಣಿಗೆ ಹೋದೆ. ಬೇರೆಯವರ ಬಾಯಿಂದ ಆಕೆಗೆ ತಿಳಿಯಬಾರದು ಎಂಬ ಒಂದು ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬೇಕೆಂದಿದ್ದೆ. ಆಕೆ ಹೊಸ್ತಿಲಲ್ಲಿ ಕೂತು ದಾರ ಕತ್ತರಿಸುತ್ತಿದ್ದಳು. ಹೇಳಿದೆ. ತಂಗಿಯ ಮಾತು ಹೇಳಿದೆ, ಮನೆಯ ಮಾತು ಹೇಳಿದೆ, ಖಾಲಿ ಮಾಡಲು ಮೂರು ತಿಂಗಳು ಕೇಳಿ ಪಡೆದಿದ್ದೇನೆ ಎಂದೂ ಹೇಳಿದೆ. ಆಕೆ ಒಂದು ದಾರ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ಕೈಯಲ್ಲಿದ್ದ ಪ್ಯಾಂಟು ಮುಗಿಯಿತು, ಇನ್ನೊಂದನ್ನು ಎತ್ತಿಕೊಂಡಳು. ಅದೂ ಮುಗಿದ ಮೇಲೆ ದಾರ ತೆಗೆದಳು.

"ಕೇಳಾಕೆ ಬರ್ಬೇಕಾಗಿತ್ತು ಮೇಷ್ಟ್ರೇ. ಹೇಳಾಕೆ ಬಂದಿದೀರಿ."

ಮೂರನೆಯ ಪ್ಯಾಂಟನ್ನು ಎತ್ತಿಕೊಂಡಳು. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಆ ಮೂರು ತಿಂಗಳಲ್ಲಿ ನಡೆದದ್ದನ್ನು ನಾನು ದೂರದಿಂದ ಕೇಳಿ ತಿಳಿದವನು. ನಾನು ಬರೆದು ನಾನೇ ಮುರಿದ ಕರಾರನ್ನು ಉಳಿದವರು ಮುರಿಯಲಿಲ್ಲ. ಕಟ್ಟೆಯ ಮೇಲೆ ಆ ಕಾಗದ ಬಿಚ್ಚಿ, ಮನೆ ತಪ್ಪಿದವರಿಗೆ ಜಾಗ ಮಾಡಿಕೊಡಬೇಕು ಎಂಬ ಸಾಲನ್ನು ಗಿರಣಿಯವರು ಎಲ್ಲರಿಗೂ ಓದಿ ಹೇಳಿದರಂತೆ. ಒಬ್ಬರು ಮಷೀನಿಟ್ಟಿದ್ದ ಪಡಸಾಲೆಗೆ ಗೋಡೆ ಎಬ್ಬಿಸಿದರು. ಇಬ್ಬರು ತಮ್ಮ ತಮ್ಮ ಮಾಳಿಗೆಯ ಮೇಲೆ ತಗಡಿನ ಕೋಣೆ ಹಾಕಿಸಿದರು. ಗಿರಣಿಯವರು ಕಾಳಿನ ಮೂಟೆ ಇಡುವ ಹಿಂದಿನ ಕೋಣೆಯನ್ನು ಖಾಲಿ ಮಾಡಿ ಅಕ್ಕನಿಗೆ ಕೊಟ್ಟರು. ಹಿಟ್ಟಿನ ಧೂಳಿಗಾಗಿ ಒಂದು ವರ್ಷ ಮಾತು ಬಿಟ್ಟಿದ್ದವಳು ಆ ಧೂಳಿನ ನಡುವೆಯೇ ಹೋಗಿ ಕೂತಳು. ಐದು ಸಂಸಾರಗಳಲ್ಲಿ ನಾಲ್ಕು ಓಣಿಯಲ್ಲೇ ಉಳಿದವು. ಐದನೆಯವರು ಸೊಂಟದ ಪಟ್ಟಿ ಹೊಲಿಯುವವರು, ಏಳು ಜನ. ಅವರಿಗಾಗುವಷ್ಟು ಜಾಗ ಎಲ್ಲೂ ಹೊಂದಲಿಲ್ಲ, ಅವರು ಬಳ್ಳಾರಿಗೆ ಹೋದರು. ಅವರ ಹಿರಿಯ ಮಗಳು ನನ್ನ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಳು. ಟಿ.ಸಿ. ಬರೆದು ಕೊಟ್ಟವನೂ ನಾನೇ. ಆ ಹುಡುಗಿ ಕೈಮುಗಿದು ಬರ್ತೀನ್ರಿ ಸರ್ ಎಂದಳು. ಮತ್ತೆ ಬರಲು ಓಣಿಯಲ್ಲಿ ಅವಳಿಗೆ ಮನೆಯೇ ಉಳಿದಿರಲಿಲ್ಲ.

ಪಾರ್ಟಿಗೆ ಇಡೀ ಮಗ್ಗುಲು ಸಿಗಲೇ ಇಲ್ಲ. ನಾನು ಕೊಟ್ಟ ಉದ್ದನೆಯ ಕಿರಿದಾದ ಜಾಗದಲ್ಲಿ ಮೂರು ಅಂತಸ್ತು ಎದ್ದಿತು. ಕೆಳಗೆ ಗಾಜಿನ ಬಾಗಿಲಿನ ರೆಡಿಮೇಡ್ ಬಟ್ಟೆಯಂಗಡಿ. ಅದರ ನೆರಳು ಬೆಳಿಗ್ಗೆ ಹೊತ್ತು ಮೂರು ಮನೆಯ ಹೊಸ್ತಿಲ ಮೇಲೆ ಬೀಳುತ್ತದೆ. ಅಲ್ಲಿ ಕೂತು ದಾರ ಕತ್ತರಿಸುವವರು ಈಗ ಹತ್ತು ಗಂಟೆಯವರೆಗೆ ಒಳಗೆ ದೀಪ ಹಾಕಿಕೊಳ್ಳುತ್ತಾರೆ. ಓಣಿ ಉಳಿಯಿತು ಎಂದು ಊರಲ್ಲಿ ಹೇಳುತ್ತಾರೆ. ಉಳಿದಿದೆ, ಆದರೆ ಇದ್ದ ಹಾಗೆ ಉಳಿದಿಲ್ಲ.

ಅಕ್ಕ ನನ್ನೊಂದಿಗೆ ಮಾತು ಬಿಡಲಿಲ್ಲ. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಸಂತೆಯಲ್ಲಿ ಸಿಕ್ಕರೆ ಚೆಂದಾಗಿದೀರಾ ಮೇಷ್ಟ್ರೇ ಎಂದು ತಾನೇ ಕೇಳುತ್ತಿದ್ದಳು. ಇಂಗ್ಲಿಷ್ ಶಾಲೆಗೆ ಹೋಗುತ್ತೇನೆಂದ ಓಣಿಯ ಮಕ್ಕಳಲ್ಲಿ ಇಬ್ಬರನ್ನು ಗದರಿಸಿ ನಮ್ಮ ಶಾಲೆಗೇ ಕರೆತಂದಳು. ಇದು ಮುಚ್ಚಿಹೋದರೆ ನಾಳೆ ಎಲ್ಲಿ ಹುಡುಕುತ್ತೀರಿ ಎಂದು ಅವರ ತಾಯಂದಿರಿಗೆ ನನ್ನೆದುರೇ ಹೇಳಿದಳು. ಭಾನುವಾರದ ಕಟ್ಟೆಗೆ ಬರಲು ಮೇಷ್ಟ್ರಿಗೂ ಹೇಳಿ ಎಂದು ಮಕ್ಕಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಮೊದಲ ವರ್ಷ ಮೇಲಿಂದ ಮೇಲೆ, ಆಮೇಲೆ ಅಪರೂಪಕ್ಕೆ. ನನಗೆ ಪ್ರತಿ ಭಾನುವಾರವೂ ಏನಾದರೂ ಕೆಲಸವಿರುತ್ತಿತ್ತು. ಹೀಗೆ ನಾಲ್ಕು ವರ್ಷ ಕಳೆಯಿತು.

ಆಕೆಗೆ ಉಸಿರಿನ ತೊಂದರೆ ಶುರುವಾಗಿತ್ತು ಎಂದು ಹಾಲು-ತುಪ್ಪದ ದಿನ ಓಣಿಗೆ ಹೋದಾಗ ತಿಳಿಯಿತು. ಆ ಕೋಣೆಯ ಧೂಳಿನಿಂದಲೋ, ಮೂವತ್ತು ವರ್ಷ ನುಂಗಿದ ಬಟ್ಟೆಯ ನಾರಿನಿಂದಲೋ, ಡಾಕ್ಟರು ಹೇಳಲಿಲ್ಲವಂತೆ. ನಾನು ಮಾರದಿದ್ದರೆ ಆಕೆ ಗಿರಣಿಯ ಹಿಂದಿನ ಕೋಣೆಗೆ ಹೋಗಬೇಕಾಗುತ್ತಿರಲಿಲ್ಲ. ಇದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಡಕಶಿರಾ ಕಡೆಯಿಂದ ಬಂದಿದ್ದ ಆಕೆಯ ತಮ್ಮ, ದೇಹವನ್ನು ಊರಿಗೆ ಒಯ್ಯುತ್ತೇನೆ ಎಂದನಂತೆ. ಓಣಿಯವರು ಅವನನ್ನು ಕೂರಿಸಿಕೊಂಡು ಮಾತಾಡಿದರು. ಅವನು ಒಪ್ಪಿ ಇಲ್ಲೇ ಮಣ್ಣು ಕೊಟ್ಟ. ಆಕೆಯ ಕೆಲಸವನ್ನು ಎದುರು ಮನೆಯ ಸೊಸೆ ಆಗಲೇ ಹಿಡಿದಿದ್ದಳು. ನನಗೆ ಊಟ ಹಾಕಿದರು. ಉಂಡು ಬಂದೆ.

ಒಂದೂವರೆ ತಿಂಗಳಾದ ಮೇಲೆ, ಒಂದು ಶನಿವಾರ ಶಾಲೆ ಬಿಟ್ಟ ಹೊತ್ತಿಗೆ ಗಿರಣಿಯವರು ಬಂದರು. ತರಗತಿಯಲ್ಲಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತರು. ಅವರ ಅಂಗಿಯ ತೋಳಿನಲ್ಲಿ ಹಿಟ್ಟು ಹಾಗೆಯೇ ಇತ್ತು. ಪಾರ್ಟಿ ಮತ್ತೆ ಬಂದಿದೆ, ಈಗ ಗಿರಣಿ ಕೇಳುತ್ತಿದೆ, ಕಾಜದಮ್ಮ ಇಲ್ಲದ ಓಣಿಯಲ್ಲಿ ಇನ್ನೆಷ್ಟು ದಿನ ಎಂದು ಕೇಳುತ್ತಿದೆ ಎಂದರು. ಜನ ಈಗ ಪ್ಯಾಕೆಟ್ ಹಿಟ್ಟು ತರುತ್ತಾರೆ, ಗಿರಣಿ ದಿನಕ್ಕೆ ನಾಲ್ಕು ಗಂಟೆಯೂ ಓಡುವುದಿಲ್ಲ ಎಂದರು. ಸೋಮವಾರ ಮಾತು ಕೊಡುತ್ತೇನೆ ಎಂದಿದ್ದಾರಂತೆ. ಆಮೇಲೆ ತೋಳಿನ ಹಿಟ್ಟು ಕೊಡವುತ್ತಾ ಕೇಳಿದರು.

"ನೀವು ಮಾರೀರಿ ಮಾಸ್ತರ. ಮಾರಿದ ಮ್ಯಾಲೆ ಹೆಂಗಿರ್ತೈತ್ರಿ?"

ಯಾಕೆ ಮಾರಿದಿರಿ ಎಂದು ಕೇಳಿದರೆ ಹೇಳಲು ನಾಲ್ಕು ವರ್ಷದಿಂದ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಚಲೋ ಇರ್ತೈತ್ರಿ," ಎಂದೆ. "ಮನಿ ದೊಡ್ಡದಾತು. ನಿದ್ದಿ ಬರ್ತೈತಿ, ಊಟ ಸೇರ್ತೈತಿ. ಏನೂ ಆಗಂಗಿಲ್ರಿ. ಏನೂ ಆಗಲಿಲ್ಲಲ್ಲ ಅಂತ ನಂಗಽ ಹೇಸಿಗಿ ಬರ್ತೈತಿ."

ನಾಳೆ ಕಟ್ಟೆಯ ಮೇಲೆ ಕೂತಾಗ ಈ ಮಾತನ್ನು ಅಲ್ಲಿ ಹೇಳಿ ಎಂದರು. ನಾನು ಅಲ್ಲಿಗೆ ಯಾವ ಮುಖ ಹೊತ್ತು ಬರಲಿ ಎಂದೆ.

"ಅದು ನನಗ ಗೊತ್ತಿಲ್ರಿ," ಎಂದು ಅವರು ಎದ್ದರು. "ನಾ ಒಬ್ಬಾಂವ ಹೋದ್ರ ಮಾರಿಬಿಡ್ತೀನಿ. ಅಷ್ಟು ಗೊತ್ತೈತಿ."

ಭಾನುವಾರ ಹೋದೆ. ಇಪ್ಪತ್ತು ಜನವಿದ್ದರು. ಬಾ ಎಂದು ಯಾರೂ ಅನ್ನಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ಹೊಸದಾಗಿ ಜಿಪ್ಪಿನ ಕೆಲಸ ಕಲಿತಿದ್ದವಳು ಮಾತು ಶುರು ಮಾಡಿದಳು. ಅಷ್ಟು ಜನರ ಮುಂದೆ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಗಿರಣಿಯವರು ತಮ್ಮದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಜನ ಬೈಯಲಿಲ್ಲ. ಗಿರಣಿಯ ಅರ್ಧ ಜಾಗದಲ್ಲಿ ಓಣಿಯ ಹೊಲಿಗೆ ಮಷೀನುಗಳನ್ನಿಟ್ಟು ಎಲ್ಲರೂ ಸೇರಿ ಬಾಡಿಗೆ ಕೊಟ್ಟರೆ ಹೇಗೆ ಎಂದು ಒಬ್ಬರು ಕೇಳಿದರು. ಕರೆಂಟಿನದು ಹೇಗೆ ಎಂದು ಇನ್ನೊಬ್ಬರು ತಕರಾರು ತೆಗೆದರು. ಆ ಮಾತು ಇನ್ನೂ ಮುಗಿದಿಲ್ಲ. ನಾನು ಇದನ್ನು ಬರೆಯುವ ಹೊತ್ತಿನವರೆಗೆ ಗಿರಣಿಯವರು ಮಾರಿಲ್ಲ. ಮುಂದಿನ ತಿಂಗಳ ಮಾತು ನನಗೆ ತಿಳಿಯದು.

ಆ ಭಾನುವಾರ ಕೊನೆಗೆ ಗಿರಣಿಯವರು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಕಾಗದ ಬರೆದವನು ನಾನೇ, ಮುರಿದವನೂ ನಾನೇ ಎಂದೆ. ತಂಗಿ ಒತ್ತಾಯ ಮಾಡಿರಲಿಲ್ಲ, ಯಾರೂ ಮಾಡಿರಲಿಲ್ಲ, ಕೇಳಿದ್ದರೆ ನೀವು ಬೇಡ ಎನ್ನುತ್ತೀರೆಂದು ಗೊತ್ತಿದ್ದೇ ಕೇಳಲಿಲ್ಲ ಎಂದೆ. ಮಾರಿದ ಮೇಲಿನ ಹೇಸಿಗೆಯನ್ನೂ ಹೇಳಿದೆ. ನಾಲ್ಕೇ ಮಾತು. ಜನ ಕೇಳಿಸಿಕೊಂಡರು. ಒಬ್ಬಾಕೆ ತಲೆಯಾಡಿಸಿದಳು. ನಾನು ಇದನ್ನು ಯಾರಿಗೆ ಹೇಳಬೇಕಾಗಿತ್ತೋ ಆಕೆ ಊರಾಚೆ ಮಣ್ಣಿನಲ್ಲಿದ್ದಳು.